ಹಿತ್ತಲಲ್ಲಿ ರೆಡ್‌ಕ್ಲಾ ಕ್ರೇಫಿಶ್, ಮೇಲೆ ಬಸಳೆ ಬೆಂಡೆ: ಬ್ರಿಸ್ಬೇನ್ ಮನೆಯ ಆಕ್ವಾಪೋನಿಕ್ಸ್ ಮೊದಲಿಂದ ಕೊನೆತನಕ

ಬ್ರಿಸ್ಬೇನ್‌ನ ದಕ್ಷಿಣದ ಕಡೆ ನಮ್ಮನೆ ಹಿತ್ತಲಲ್ಲಿ ತರಕಾರಿ ಬೆಳೆಯೋ ಮೂರು ಜಲ್ಲಿ ತೊಟ್ಟಿ, ಒಂದು ಮೀನಿನ ಟ್ಯಾಂಕು, ನೆಲದಲ್ಲಿ ಹುಗಿದಿರೋ ಒಂದು ಕ್ರೇಫಿಶ್ (ಸಿಹಿನೀರಿನ, ಸಿಗಡಿ ಥರದ ಪ್ರಾಣಿ) ತೊಟ್ಟಿ ಓಡ್ತಾ ಆರು ವರ್ಷ ಆಯ್ತು. ಇದಕ್ಕೇ ಆಕ್ವಾಪೋನಿಕ್ಸ್ ಅನ್ನೋದು, ಮೀನಿನ ನೀರೇ ಗಿಡಕ್ಕೆ ಗೊಬ್ಬರ, ಗಿಡದ ತೊಟ್ಟಿ ಶೋಧಿಸಿದ ನೀರು ಮತ್ತೆ ವಾಪಸ್. ಬೇಸಿಗೆಲಿ ಬಸಳೆ, ಹರಿವೆ, ಬೆಂಡೆ ದುಡ್ಡು ಕೊಟ್ಟು ತರೋದೇ ಇಲ್ಲ. ಮನೆಗೆ ಬಂದ ಕನ್ನಡದವರು ಎಲ್ರೂ ಅದನ್ನ ನೋಡಿ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದ್ದೀನಿ.

ಶುರು ಮಾಡೋಕೆ ಮುಂಚೆ ಒಂದು ಮಾತು. ಸುಮಾರು ಜನ ತರಕಾರಿ ಲೆಕ್ಕ ಮೊದ್ಲು ಹಾಕ್ತಾರೆ, ಕ್ರೇಫಿಶ್ ಕೊನೆಗೆ ಸೇರಿಸ್ತಾರೆ, ಮೂರ್ನಾಲ್ಕು ತಿಂಗಳಲ್ಲಿ ಮೂವತ್ತು ಬಿಟ್ಟಿದ್ದು ಐದು ಉಳಿದಿರತ್ತೆ. ಕ್ರೇಫಿಶ್ ಬೆಳೀಬೇಕು ಅಂದ್ರೆ ಹಾವು ಪೊರೆ ಬಿಟ್ಟ ಹಾಗೆ ಚಿಪ್ಪು ಕಳಚಲೇಬೇಕು, ಕಳಚಿದ ರಾತ್ರಿ ಅದರ ಮೈ ಬೆಣ್ಣೆ ಥರ ಮೆತ್ತಗಿರತ್ತೆ, ಆ ರಾತ್ರಿ ಅದಕ್ಕೆ ಅಡಗೋಕೆ ಜಾಗ ಬೇಕು, ಹೊಸ ಚಿಪ್ಪು ಗಟ್ಟಿಯಾಗೋಕೆ ನೀರಲ್ಲಿ ಸುಣ್ಣದ ಅಂಶ ಬೇಕು, ಉಸಿರಿಗೆ ಗಾಳಿ ಬೇಕು, ನೀರಲ್ಲಿ ವಿಷ ಇರ್ಬಾರ್ದು. ತೊಟ್ಟಿ, ಪೈಪು, ಪಿಎಚ್ (ನೀರು ಎಷ್ಟು ಹುಳಿ ಅನ್ನೋ ಅಳತೆ), ಔಷಧಿ, ಎಲ್ಲಾ ತೀರ್ಮಾನಾನೂ ಆ ಒಂದು ರಾತ್ರಿನ ತಲೇಲಿ ಇಟ್ಕೊಂಡು ತಗೊಳ್ಳಿ. ಸೊಪ್ಪು ಹೇಗೋ ಹೊಂದ್ಕೊಳ್ಳತ್ತೆ.

ಯಾವ ಕ್ರೇಫಿಶ್

ನಮ್ಮ ಕಡೆ ಇದಕ್ಕೆ ಹೆಸರಿಲ್ಲ, ಯಾಕಂದ್ರೆ ಭಾರತದ ನೀರಲ್ಲಿ ಸ್ವಂತ ಕ್ರೇಫಿಶ್ ಜಾತಿನೇ ಇಲ್ಲ. ಸಿಗಡಿ ಮೈಗೆ ಏಡಿ ಇಕ್ಕಳ ಜೋಡಿಸಿದ ಹಾಗೆ ಅಂತ ಹೇಳಬಹುದು. ಆಸ್ಟ್ರೇಲಿಯಾದಲ್ಲಿ ಮನೆಯಲ್ಲಿ ಸಾಕೋರಿಗೆ ಮುಖ್ಯವಾಗಿ ಮೂರು. ಪಶ್ಚಿಮ ಆಸ್ಟ್ರೇಲಿಯಾದ ಮ್ಯಾರನ್ ದೊಡ್ಡದಾಗತ್ತೆ, ಆದ್ರೆ ತಣ್ಣನೆ ಶುದ್ಧ ನೀರು, ಹೆಚ್ಚು ಆಕ್ಸಿಜನ್ ಕೇಳತ್ತೆ, ಬ್ರಿಸ್ಬೇನ್ ಬೇಸಿಗೆಗೆ ಆಗಲ್ಲ. ಮೆಲ್ಬರ್ನ್, ಅಡಿಲೇಡ್, ಕ್ಯಾನ್‌ಬೆರಾ ಕಡೆಯವರಿಗೆ ಯಾಬಿ ಸರಿ, ಚಳಿ ತಡ್ಕೊಳ್ಳತ್ತೆ, ನೀರು 16 ಡಿಗ್ರಿಗಿಂತ ಕಮ್ಮಿ ಆದ್ರೆ ಬೆಳವಣಿಗೆ ನಿಲ್ಲಿಸಿ ಸುಮ್ನೆ ಕೂರತ್ತೆ, ಸಾಯಲ್ಲ.

ನಮಗೆ ರೆಡ್‌ಕ್ಲಾ. ಉತ್ತರ ಕ್ವೀನ್ಸ್‌ಲ್ಯಾಂಡ್ ಮತ್ತು ನಾರ್ದರ್ನ್ ಟೆರಿಟರಿ ನದಿಗಳದ್ದು, ಬಿಸಿಲಿನ ಪ್ರಾಣಿ. ನೀರು 23ರಿಂದ 31 ಡಿಗ್ರಿ ಇದ್ರೆ ಚೆನ್ನಾಗಿ ಬೆಳೆಯತ್ತೆ, 10ಕ್ಕೆ ಇಳಿದ್ರೆ ಸಾಯತ್ತೆ. ಯಾಬಿಗಿಂತ ಜಗಳ ಕಮ್ಮಿ, ಮಣ್ಣು ಕೊರೆಯೋ ಚಟನೂ ಕಮ್ಮಿ. ಗಂಡಿನ ಇಕ್ಕಳದ ಹೊರ ಅಂಚಲ್ಲಿ ಕೆಂಪು ಮಚ್ಚೆ ಇರತ್ತೆ, ಹೆಸರು ಬಂದಿದ್ದೂ ಅದರಿಂದಾನೇ.

ಯಾವ ರಾಜ್ಯದಲ್ಲಿ ಯಾವ ಜಾತಿ ಸಾಕಬಹುದು ಅನ್ನೋದು ಬೇರೆ ಬೇರೆ, ಕೊಳ್ಳೋಕೆ ಮುಂಚೆ ನಿಮ್ಮ ರಾಜ್ಯದ ಮೀನುಗಾರಿಕೆ ಇಲಾಖೆಗೆ ಒಂದು ಫೋನ್ ಮಾಡಿ ಕೇಳ್ಕೊಳ್ಳಿ. ಟಿಲಾಪಿಯಾ ಮೀನು ಅಂತೂ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪೂರ್ತಿ ನಿಷೇಧ, ಬೇರೆ ದೇಶದ ವಿಡಿಯೋ ನೋಡಿ ಅದನ್ನ ತರೋಕೆ ಹೋಗ್ಬೇಡಿ.

ನೀರು ಓಡೋ ದಾರಿ

ಕ್ರೇಫಿಶ್ ಒಂದನ್ನೇ ಇಟ್ಕೊಂಡು ತರಕಾರಿ ಬೆಳೀಬಹುದಾ? ಸ್ವಲ್ಪ ಸೊಪ್ಪು ಬರತ್ತೆ, ಅಷ್ಟೇ. ಮೀನಿನ ಹಾಗೆ ನೀರಿನ ಎಲ್ಲಾ ಆಳದಲ್ಲೂ ಇದು ಇರಲ್ಲ, ತಳದಲ್ಲೇ ಓಡಾಡೋದು, ಹಾಗಾಗಿ ಲೀಟರ್ ಲೆಕ್ಕ ಬಿಟ್ಟು ತಳದ ಚದರ ಮೀಟರ್ ಲೆಕ್ಕದಲ್ಲಿ ಬಿಡ್ಬೇಕು. ಸಂಖ್ಯೆ ಕಮ್ಮಿ, ಊಟ ಕಮ್ಮಿ, ಗಿಡಕ್ಕೆ ಗೊಬ್ಬರ ಕಮ್ಮಿ. ಅದಕ್ಕೆ ಜೊತೆಗೆ ಮೀನಿರ್ಬೇಕು, ಆದ್ರೆ ಬೇರೆ ಟ್ಯಾಂಕಲ್ಲಿ. ಒಂದೇ ಟ್ಯಾಂಕಲ್ಲಿ ಹಾಕಿದ್ರೆ ಚಿಪ್ಪು ಕಳಚಿದ ರಾತ್ರಿ ಮೀನು ಅದನ್ನ ತಿಂದು ಮುಗಿಸತ್ತೆ. ನಾನು ಸಾಕಿರೋದು ಜೇಡ್ ಪರ್ಚ್, ಕ್ವೀನ್ಸ್‌ಲ್ಯಾಂಡ್‌ನ ಬಾರ್ಕೂ ನದಿ ಕಡೆಯ ಮೀನು, ಮೀನಿನ ಎಣ್ಣೆ ಚೆನ್ನಾಗಿರತ್ತೆ, ಬೇಗ ಬೆಳೆಯತ್ತೆ.

ದಾರಿ ಹೀಗೆ: ಕ್ರೇಫಿಶ್ ತೊಟ್ಟಿ ಎಲ್ಲಕ್ಕಿಂತ ಕೆಳಗೆ, ಬೆಂಗಳೂರು ಮನೆಯ ಸಂಪ್ ಇದ್ದ ಹಾಗೆ. ಅದರಲ್ಲಿ ಪಂಪು. ಪಂಪು ನೀರನ್ನ ಮೀನಿನ ಟ್ಯಾಂಕಿಗೆ ಎತ್ತತ್ತೆ, ಮೀನಿನ ಟ್ಯಾಂಕು ತುಂಬಿ ಹೆಚ್ಚಾದ ನೀರು ತಾನೇ ಜಲ್ಲಿ ತೊಟ್ಟಿಗೆ ಇಳಿಯತ್ತೆ, ಜಲ್ಲಿ ಶೋಧಿಸಿದ ನೀರು ಸೈಫನ್ (ತೊಟ್ಟಿ ತುಂಬಿದಾಗ ತಾನೇ ನೀರೆಳೆದು ಖಾಲಿ ಮಾಡೋ ಪೈಪು) ಮೂಲಕ ವಾಪಸ್ ಕ್ರೇಫಿಶ್ ತೊಟ್ಟಿಗೆ. ಇದರಲ್ಲಿ ನಂಗೆ ಇಷ್ಟ ಆಗೋದು ಎರಡು. ಪೈಪು ಒಡೆದ್ರೂ ಮೀನಿನ ಟ್ಯಾಂಕ್ ಖಾಲಿ ಆಗಲ್ಲ. ಎರಡನೇದು, ಕ್ರೇಫಿಶ್‌ಗೆ ಯಾವಾಗ್ಲೂ ಶೋಧಿಸಿದ ನೀರೇ ಬರತ್ತೆ.

ಕಟ್ಟೋದು

ಐಬಿಸಿ ಅಂತ ಕಬ್ಬಿಣದ ಪಂಜರದೊಳಗೆ ಇರೋ 1000 ಲೀಟರ್ ಬಿಳಿ ಟ್ಯಾಂಕುಗಳು ಸೆಕೆಂಡ್ ಹ್ಯಾಂಡ್ ಸಿಗತ್ತೆ, ಎರಡು ತನ್ನಿ. ಮೊದ್ಲು ಅದರಲ್ಲಿ ಏನು ತುಂಬಿದ್ರು ಅಂತ ಲೇಬಲ್ ನೋಡಿ, ಆಹಾರದ ಎಣ್ಣೆ, ಸಿರಪ್, ಜ್ಯೂಸ್ ಓಕೆ, ಕೆಮಿಕಲ್ ಇದ್ದಿದ್ದು ಎಷ್ಟು ಅಗ್ಗಕ್ಕೆ ಕೊಟ್ರೂ ಬೇಡ. ಒಂದನೇ ಟ್ಯಾಂಕಿನ ಮೇಲಿನ 35 ಸೆಂಟಿಮೀಟರ್ ಕತ್ತರಿಸಿ ಮಗುಚಿದ್ರೆ ಒಂದು ಜಲ್ಲಿ ತೊಟ್ಟಿ, ಉಳಿದ ಕೆಳಭಾಗ ಸುಮಾರು 700 ಲೀಟರಿನ ಮೀನಿನ ಟ್ಯಾಂಕು. ಎರಡನೇದರ ಮೇಲೊಂದು ಕೆಳಗೊಂದು ಅದೇ ಅಳತೆಗೆ ಕತ್ತರಿಸಿದ್ರೆ ಇನ್ನೆರಡು ತೊಟ್ಟಿ. ಒಟ್ಟು ಮೂರು, ಗಿಡ ನೆಡೋ ಜಾಗ ಸುಮಾರು ಮೂರೂವರೆ ಚದರ ಮೀಟರ್. ಬಿಸಿಲು ತಾಗಿದ್ರೆ ಪ್ಲಾಸ್ಟಿಕ್ ಒಳಗೆ ಪಾಚಿ ಕಟ್ಟತ್ತೆ, ಹೊರಗಿನಿಂದ ಕಪ್ಪು ಪೇಂಟ್ ಬಳಿದು ಅದರ ಮೇಲೆ ತಿಳಿ ಬಣ್ಣ ಕೊಡಿ.

ಕ್ರೇಫಿಶ್ ತೊಟ್ಟಿ ಆಳ ಬೇಡ, ಅಗಲ ಬೇಕು. ನಂದು 2.4 ಮೀಟರ್ ಉದ್ದ, 1.2 ಅಗಲ, 60 ಸೆಂಟಿಮೀಟರ್ ಎತ್ತರ, ಅದರಲ್ಲಿ 40 ಸೆಂಟಿಮೀಟರ್ ನೆಲದೊಳಗೆ. ನೆಲದಲ್ಲಿ ಇದ್ರೆ ನೀರಿನ ಬಿಸಿ ಬೇಗ ಏರಿಳಿಯಲ್ಲ. ಅಗೆಯೋಕೆ ಮುಂಚೆ ಬಿಫೋರ್ ಯು ಡಿಗ್ ಆಸ್ಟ್ರೇಲಿಯಾಗೆ ಫ್ರೀಯಾಗಿ ಅರ್ಜಿ ಹಾಕಿ, ಗ್ಯಾಸ್ ಪೈಪು ಕೇಬಲ್ಲು ಎಲ್ಲಿದೆ ಅಂತ ನಕ್ಷೆ ಕಳಿಸ್ತಾರೆ. ಮರದ ಚೌಕಟ್ಟು, ಒಳಗೆ 1 ಮಿಲಿಮೀಟರ್ ದಪ್ಪದ ರಬ್ಬರ್ ಪಾಂಡ್ ಲೈನರ್. ತೆಳು ಟಾರ್ಪಾಲ್ ಹಾಕ್ಬೇಡಿ, ಇಕ್ಕಳದಲ್ಲಿ ತೂತು ಮಾಡತ್ತೆ. ಇನ್ನೊಂದು ಎಚ್ಚರ, ಹಸಿರು ಛಾಯೆಯ ಟ್ರೀಟೆಡ್ ಪೈನ್ ಮರದಲ್ಲಿ ತಾಮ್ರ ಇರತ್ತೆ, ಆ ಮರ ಲೈನರ್ ಹೊರಗಿರಬೇಕು, ನೀರಿಗೆ ತಾಗಲೇಬಾರ್ದು. ತಾಮ್ರ ಮೀನಿಗಿಂತ ಕ್ರೇಫಿಶ್‌ಗೆ ಬಹಳ ಬೇಗ ವಿಷ ಆಗತ್ತೆ. ಹಾಗೇ ಹಿತ್ತಾಳೆ ನಲ್ಲಿ, ತಾಮ್ರದ ಪೈಪು, ಸತುವಿನ ಲೇಪದ ತಗಡು, ಯಾವುದೂ ಈ ನೀರಿಗೆ ಬೇಡ. ಎಲ್ಲಾ ಪಿವಿಸಿ ಮತ್ತು ಪ್ಲಾಸ್ಟಿಕ್.

ತೊಟ್ಟಿ ಮೂರನ್ನೂ, ಮೀನಿನ ಟ್ಯಾಂಕನ್ನೂ ಬೆಸ್ಸರ್ ಬ್ಲಾಕ್ (ಟೊಳ್ಳು ಕಾಂಕ್ರೀಟ್ ಇಟ್ಟಿಗೆ) ಎರಡು ಸಾಲಿನ ಮೇಲೆ ಕೂರಿಸಿ. ಜಲ್ಲಿ ತುಂಬಿ ನೀರು ನಿಂತಾಗ ಒಂದೊಂದು ತೊಟ್ಟಿ 700 ಕಿಲೋ ಹತ್ರ ಬರತ್ತೆ, ಮರದ ಸ್ಟ್ಯಾಂಡ್ ಸಾಹಸ ಬೇಡ, ನೆಲ ಮಟ್ಟ ಮಾಡಿ ಬಡಿದು ಗಟ್ಟಿ ಮಾಡಿದ ಮೇಲೇ ಬ್ಲಾಕ್ ಇಡಿ. ಜಲ್ಲಿ 20 ಮಿಲಿಮೀಟರ್, 30 ಸೆಂಟಿಮೀಟರ್ ಆಳಕ್ಕೆ. ಒಂದು ಹಿಡಿ ಜಲ್ಲಿ ಲೋಟಕ್ಕೆ ಹಾಕಿ ವಿನೆಗರ್ ಸುರಿದು ನೋಡಿ, ಗುಳ್ಳೆ ಬುಸಬುಸ ಅಂತ ಬಂದ್ರೆ ಅದು ಸುಣ್ಣದ ಕಲ್ಲು, ಬೇಡ. ಕ್ರೇಫಿಶ್‌ಗೆ ಸುಣ್ಣ ಬೇಕು ತಾನೇ ಅಂತ ಕೇಳ್ತಾರೆ, ಬೇಕು, ಆದ್ರೆ ಅದರ ಪ್ರಮಾಣ ನಮ್ಮ ಕೈಲಿ ಇರ್ಬೇಕು. ಟನ್‌ಗಟ್ಟಲೆ ಸುಣ್ಣದ ಕಲ್ಲು ತೊಟ್ಟಿಲಿ ಕೂತ್ರೆ ಪಿಎಚ್ ಮೇಲೇ ಸಿಕ್ಕಾಕ್ಕೊಂಡು ಗಿಡಕ್ಕೆ ಕಬ್ಬಿಣ ಸಿಗಲ್ಲ.

ಈಗ ನೀರಿನ ಮಟ್ಟದ ಲೆಕ್ಕ, ಇದನ್ನ ಬಹಳ ಜನ ಹಾಕಲ್ಲ. ಒಂದು ತೊಟ್ಟಿಲಿ ಸುಮಾರು 360 ಲೀಟರ್ ಜಲ್ಲಿ, ಕಲ್ಲಿನ ಸಂದಿ ಅದರಲ್ಲಿ ಶೇಕಡಾ 40, ಅಂದ್ರೆ ತುಂಬಿದಾಗ 145 ಲೀಟರ್ ನೀರು ಹಿಡಿಯತ್ತೆ. ಮೂರೂ ಒಟ್ಟಿಗೆ ತುಂಬಿದ್ರೆ 430 ಲೀಟರ್. ಅಷ್ಟು ನೀರು ಹೋಗೋದು ಕ್ರೇಫಿಶ್ ತೊಟ್ಟಿಯಿಂದ, ಅಲ್ಲಿ 15 ಸೆಂಟಿಮೀಟರ್ ಇಳಿಯತ್ತೆ. ಹಾಗಾಗಿ ಜಲ್ಲಿ ತೊಟ್ಟಿಗಳೆಲ್ಲ ಖಾಲಿ ಇದ್ದಾಗ ಇಲ್ಲಿ 40 ಸೆಂಟಿಮೀಟರ್ ನೀರಿಟ್ರೆ, ತುಂಬಿದಾಗ್ಲೂ 25 ಉಳಿಯತ್ತೆ. ಮೇಲೆ 20 ಸೆಂಟಿಮೀಟರ್ ಖಾಲಿ ಬಿಡಿ, ಅಂಚಿಗೆ ಒಳಮುಖವಾಗಿ ಒಂದಂಗೈ ಅಗಲದ ನುಣ್ಣನೆ ಪ್ಲಾಸ್ಟಿಕ್ ಪಟ್ಟಿ ಹೊಡೀರಿ. ರೆಡ್‌ಕ್ಲಾ ರಾತ್ರಿ ಪೈಪು, ವೈರು, ಏರ್ ಟ್ಯೂಬ್ ಏನು ಸಿಕ್ಕಿದ್ರೂ ಹಿಡ್ಕೊಂಡು ಹತ್ತಿ ಹೊರಗೆ ಹೋಗತ್ತೆ, ಬೆಳಿಗ್ಗೆ ಹುಲ್ಲಲ್ಲಿ ಒಣಗಿ ಬಿದ್ದಿರತ್ತೆ. ಪೈಪು ಟ್ಯೂಬುಗಳನ್ನ ಗೋಡೆಗೆ ತಾಗಿಸದೆ ಮಧ್ಯದಿಂದ ಮೇಲಕ್ಕೆ ಎತ್ತಿ. ಮೇಲೆ ಗಟ್ಟಿ ಮೆಶ್ ಮುಚ್ಚಳ ಇರ್ಲೇಬೇಕು, ಐಬಿಸ್ ಮತ್ತು ಕೂಕಬರ್ರಾ ಹಕ್ಕಿಗಳಿಂದ ಕಾಪಾಡೋಕೆ, ಅದಕ್ಕಿಂತ ಮುಖ್ಯವಾಗಿ ಮನೆಯ ಚಿಕ್ಕ ಮಕ್ಕಳಿಗಾಗಿ.

ಪಂಪು ಗಂಟೆಗೆ 4000 ಲೀಟರ್ ಅಂತ ಬರೆದಿರೋದು ತಗೊಳ್ಳಿ, ಎತ್ತರಕ್ಕೆ ಎತ್ತಿದಾಗ ಅರ್ಧದಷ್ಟು ಬರತ್ತೆ, ಸಾಕು. 50 ವಾಟಿನದ್ದಾದ್ರೆ ದಿನಕ್ಕೆ 1.2 ಯೂನಿಟ್ ಕರೆಂಟು. ಪಂಪಿನ ಸುತ್ತ ಸ್ಪಂಜು ಅಥವಾ ಸಣ್ಣ ಕಣ್ಣಿನ ಮೆಶ್ ಸುತ್ತದೆ ಇದ್ರೆ ಮರಿಗಳೆಲ್ಲ ಒಳಗೆ ಎಳ್ಕೊಂಡು ಹೋಗತ್ತೆ.

ಸೈಫನ್

ಜಲ್ಲಿ ತೊಟ್ಟಿ ನಿಧಾನ ತುಂಬಿ ಒಂದೇ ಸಲ ಖಾಲಿ ಆಗ್ತಿದ್ರೆ ಬೇರಿಗೆ ನೀರೂ ಸಿಗತ್ತೆ ಗಾಳಿನೂ ಸಿಗತ್ತೆ. 25 ಮಿಲಿಮೀಟರ್ ಪೈಪು ತಳದ ತೂತಿನಿಂದ ನೆಟ್ಟಗೆ ಮೇಲಕ್ಕೆ, ಅದರ ಬಾಯಿ ಜಲ್ಲಿ ಮೇಲ್ಮಟ್ಟಕ್ಕಿಂತ 5 ಸೆಂಟಿಮೀಟರ್ ಕೆಳಗೆ. ಅದರ ಮೇಲೆ 65 ಮಿಲಿಮೀಟರ್ ಪೈಪನ್ನ ಗಂಟೆ ಥರ ಕವುಚಿದ್ದು, ಮೇಲ್ಭಾಗ ಮುಚ್ಚಿದ್ದು, ಬುಡದಲ್ಲಿ ಕಚ್ಚು ಹಾಕಿದ್ದು. ಇದೆಲ್ಲದರ ಸುತ್ತ 110 ಮಿಲಿಮೀಟರಿನ ತೂತು ಕೊರೆದ ಪೈಪು, ಜಲ್ಲಿ ಒಳಗೆ ಬರದ ಹಾಗೆ. ನೀರು ಬಾಯಿ ದಾಟಿ ರಭಸ ಹಿಡಿದಾಗ ಸೈಫನ್ ಶುರುವಾಗಿ ಗಡಗಡ ಅಂತ ಪೂರ್ತಿ ಎಳೆಯತ್ತೆ, ಬುಡದ ಕಚ್ಚಿನಿಂದ ಗಾಳಿ ನುಗ್ಗಿದ ತಕ್ಷಣ ನಿಲ್ಲತ್ತೆ. ಶುರು ಆಗ್ತಿಲ್ಲ ಅಂದ್ರೆ ಒಳಹರಿವು ಕಮ್ಮಿ, ವಾಲ್ವ್ ಸ್ವಲ್ಪ ತಿರುಗಿಸಿ. ನಿಲ್ತಿಲ್ಲ ಅಂದ್ರೆ ಒಳಹರಿವು ಜಾಸ್ತಿ. ಮೂರೂ ತೊಟ್ಟಿಗೆ ಬೇರೆ ಬೇರೆ ವಾಲ್ವ್ ಇದ್ರೆ ಅರ್ಧ ದಿನದಲ್ಲಿ ಸರಿ ಮಾಡ್ಕೋಬಹುದು. ಸೈಫನ್ ನೀರು ಕ್ರೇಫಿಶ್ ತೊಟ್ಟಿಗೆ ಮೇಲಿಂದ ಧುಮುಕೋ ಹಾಗೆ ಬಿಡಿ, ಗಾಳಿ ಬೆರೆಯತ್ತೆ.

ನೀರು ಪಕ್ವ ಆಗೋತನಕ ಕಾಯ್ಬೇಕು

ಇಲ್ಲೇ ಜನ ತಾಳ್ಮೆ ಕಳ್ಕೊಳ್ಳೋದು. ಮೀನಿನ ಹಿಕ್ಕೆ, ಕಿವಿರಿಂದ ಬರೋದು ಅಮೋನಿಯಾ, ಅದು ವಿಷ. ಜಲ್ಲಿಲಿ ಬೆಳೆಯೋ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಅದೂ ವಿಷ, ಇನ್ನೊಂದು ಗುಂಪು ನೈಟ್ರೇಟ್ ಮಾಡತ್ತೆ, ಅದು ಗಿಡಕ್ಕೆ ಊಟ. ಈ ಎರಡೂ ಗುಂಪು ನೆಲೆ ನಿಲ್ಲೋಕೆ ಬೆಚ್ಚಗಿನ ದಿನಗಳಲ್ಲೇ 4ರಿಂದ 6 ವಾರ ಬೇಕು. ಅದಕ್ಕೆ ಸೆಪ್ಟೆಂಬರಲ್ಲಿ ಶುರು ಮಾಡಿ, ಇಲ್ಲಿ ವಸಂತ, ನೀರು ಬಿಸಿ ಏರ್ತಾ ಹೋಗತ್ತೆ.

ನಲ್ಲಿ ನೀರು ತುಂಬಿದ್ರೆ ಕ್ಲೋರಿನ್ ತೆಗೀಬೇಕು. ಬರೀ ಕ್ಲೋರಿನ್ ಆದ್ರೆ ಎರಡು ದಿನ ಗಾಳಿಗೆ ಬಿಟ್ರೆ ಹೋಗತ್ತೆ, ಆದ್ರೆ ಇಲ್ಲಿ ಬಹಳ ಕಡೆ ಹಾಕೋದು ಕ್ಲೋರಮೈನ್, ಅದು ಹಾಗೆ ಹೋಗಲ್ಲ, ಅಕ್ವೇರಿಯಂ ಅಂಗಡಿಯ ಡಿಕ್ಲೋರಿನೇಟರ್ ಹಾಕಿ. ಮಳೆನೀರು ಬಳಸಿದ್ರೆ ಈ ತೊಂದ್ರೆ ಇಲ್ಲ, ಆದ್ರೆ ಮಳೆನೀರಲ್ಲಿ ಸುಣ್ಣದ ಅಂಶನೇ ಇಲ್ಲ, ಅದನ್ನ ನಾವು ಸೇರಿಸ್ಬೇಕು.

ಆಮೇಲೆ ಅಮೋನಿಯಂ ಕ್ಲೋರೈಡ್ ಸ್ವಲ್ಪ ಸ್ವಲ್ಪ ಹಾಕಿ ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರೋ ಹಾಗೆ ಮಾಡಿ, ಇಳಿದಾಗೆಲ್ಲ ಮತ್ತೆ ಅಷ್ಟಕ್ಕೆ ತನ್ನಿ. ಪಾತ್ರೆ ನೆಲ ತೊಳೆಯೋ ಕ್ಲೌಡಿ ಅಮೋನಿಯಾ ಬೇಡ, ಸೋಪು ಇರತ್ತೆ. ಊರಿಂದ ಬಂದವರು ಜೀವಾಮೃತ, ಗಂಜಲ ಹಾಕಬಹುದಲ್ಲ ಅಂತ ಕೇಳ್ತಾರೆ. ಹೊಲಕ್ಕೆ ಅದು ಬಂಗಾರ, ಇಲ್ಲಿಗೆ ಬೇಡ, ಅಮೋನಿಯಾ ಎಷ್ಟು ಏರತ್ತೆ ಅಂತ ಹಿಡಿತ ಸಿಗಲ್ಲ, ಸಗಣಿಲಿರೋ ರೋಗಾಣು ಹಸಿಯಾಗಿ ತಿನ್ನೋ ಕೊತ್ತಂಬರಿ ಸೊಪ್ಪಿಗೆ ಸೇರತ್ತೆ. ಇವತ್ತು 2 ಪಿಪಿಎಂ ಹಾಕಿದ್ದು ನಾಳೆ ಇಷ್ಟೊತ್ತಿಗೆ ಅಮೋನಿಯಾನೂ ಸೊನ್ನೆ, ನೈಟ್ರೈಟೂ ಸೊನ್ನೆ ಅಂದ್ರೆ ನೀರು ಪಕ್ವ ಆಗಿದೆ. ಗಿಡಗಳನ್ನ ಮೂರನೇ ವಾರಕ್ಕೇ ನೆಡಬಹುದು. ಮೀನು 20 ಮರಿ ಸಾಕು, ಮೂರು ತೊಟ್ಟಿಗೆ 40 ಆಗತ್ತೆ ಅಂತ ಲೆಕ್ಕ ಇದ್ರೂ ಮೊದಲನೇ ವರ್ಷ ಅರ್ಧ. ಮೀನು ಬಿಟ್ಟು ಒಂದು ತಿಂಗಳಾದ ಮೇಲೆ ಕ್ರೇಫಿಶ್ ಬಿಡಿ.

ಪಿಎಚ್ ಮತ್ತು ಸುಣ್ಣ

ಗಿಡಕ್ಕೆ 6.5 ಇಷ್ಟ, ಕ್ರೇಫಿಶ್‌ಗೆ 7.5 ಇಷ್ಟ. ನಾನು 7.0ರಿಂದ 7.4 ಒಳಗೆ ಇಡ್ತೀನಿ. ಬ್ಯಾಕ್ಟೀರಿಯಾ ಕೆಲಸ ಮಾಡ್ತಾ ಮಾಡ್ತಾ ನೀರನ್ನ ಹುಳಿ ಮಾಡತ್ತೆ, ಬಿಟ್ರೆ 6ಕ್ಕೆ ಇಳಿಯತ್ತೆ, ಆಗ ಚಿಪ್ಪು ತೆಳ್ಳಗಾಗತ್ತೆ. ಹಾಗಾಗಿ ಎರಡು ಕಿಲೋ ಕಪ್ಪೆಚಿಪ್ಪಿನ ಚೂರು, ಕೋಳಿಗೆ ಹಾಕ್ತಾರಲ್ಲ ಶೆಲ್ ಗ್ರಿಟ್ ಅಂತ, ಅದನ್ನ ಈರುಳ್ಳಿ ಬಲೆ ಚೀಲದಲ್ಲಿ ಕಟ್ಟಿ ಸೈಫನ್ ನೀರು ಬೀಳೋ ಜಾಗದಲ್ಲಿ ನೇತುಹಾಕಿ. ನೀರು ಹುಳಿ ಆದಷ್ಟೂ ಅದು ಕರಗತ್ತೆ, ಹದಕ್ಕೆ ಬಂದಾಗ ಕರಗೋದು ನಿಧಾನ ಆಗತ್ತೆ. ಪಿಎಚ್ ಇನ್ನೂ ಇಳೀತಿದ್ರೆ ಪೊಟ್ಯಾಸಿಯಂ ಬೈಕಾರ್ಬೊನೇಟ್ ಒಂದೆರಡು ಚಮಚ, ಬೆಂಡೆ ಬದನೆಗೆ ಪೊಟ್ಯಾಷ್ ಸಿಕ್ಕ ಹಾಗೂ ಆಯ್ತು. ನೀರಲ್ಲಿ ಸುಣ್ಣದ ಅಂಶ ಎಷ್ಟಿದೆ ಅನ್ನೋದು ಗಡಸುತನ, ಅದರ ಟೆಸ್ಟ್ ಕಿಟ್ ಬೇರೆ ಬರತ್ತೆ, 100 ಪಿಪಿಎಂಗಿಂತ ಕೆಳಗೆ ಹೋಗೋಕೆ ಬಿಡ್ಬೇಡಿ.

ಈ ಪಿಎಚ್‌ನಲ್ಲಿ ಗಿಡಕ್ಕೆ ಕಮ್ಮಿ ಬೀಳೋದು ಕಬ್ಬಿಣ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಂಡ್ರೆ ಅದೇ. ನೀರಲ್ಲಿ ಕರಗಿರೋ ಹಾಗೆ ಮಾಡಿದ ಕಬ್ಬಿಣದಲ್ಲಿ ಇಡಿಟಿಎ ಅಂತ ಬರೋದು ಪಿಎಚ್ 6.5ಕ್ಕೇ ಕೈ ಕೊಡತ್ತೆ, ಡಿಟಿಪಿಎ ಕಬ್ಬಿಣ ಕೇಳಿ ತಗೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕ, ನಮ್ಮ ವ್ಯವಸ್ಥೆಲಿ ಒಟ್ಟು ಸುಮಾರು 1850 ಲೀಟರ್ ನೀರು, ಶೇಕಡಾ 11 ಕಬ್ಬಿಣದ ಪುಡಿ ಆದ್ರೆ 35 ಗ್ರಾಂ ಹತ್ರ, ಮೂರು ವಾರಕ್ಕೊಮ್ಮೆ. ಅಂಗಡಿಲಿ ಸಿಗೋ ಮಿಕ್ಸ್ ಟ್ರೇಸ್ ಎಲಿಮೆಂಟ್ ಪ್ಯಾಕೆಟ್ಟುಗಳಲ್ಲಿ ತಾಮ್ರ ಸೇರಿಸಿರ್ತಾರೆ, ಲೇಬಲ್ ಓದದೆ ಹಾಕ್ಬೇಡಿ.

ಕ್ರೇಫಿಶ್ ಬಿಡೋದು, ಮತ್ತೆ ಆ ರಾತ್ರಿ

ನನ್ನ ತೊಟ್ಟಿ ತಳ ಸುಮಾರು 2.9 ಚದರ ಮೀಟರ್, ಚದರ ಮೀಟರಿಗೆ 10ರ ಲೆಕ್ಕದಲ್ಲಿ 30 ಬಿಟ್ಟಿದ್ದೀನಿ. ಅಡಗೋ ಜಾಗ 30 ಅಲ್ಲ, 50 ಇರ್ಬೇಕು. 50 ಮಿಲಿಮೀಟರ್ ಪಿವಿಸಿ ಪೈಪನ್ನ 15 ಸೆಂಟಿಮೀಟರ್ ತುಂಡು ಮಾಡಿ ಐದೈದು ಕಟ್ಟಿ ತಳಕ್ಕೆ ಬಿಡಿ, ತೂತಿನ ಇಟ್ಟಿಗೆ, ಒಡೆದ ಮಣ್ಣಿನ ಕುಂಡ ಕೂಡ ಆಗತ್ತೆ. ಮರಿಗಳಿಗೆ ಈರುಳ್ಳಿ ಬಲೆ ಚೀಲ ಗೊಂಚಲು ಮಾಡಿ ಕಟ್ಟಿದ್ರೆ ಅದರ ಮಡಿಕೆಗಳಲ್ಲಿ ನೂರಾರು ಸೇರ್ಕೊಳ್ಳತ್ತೆ. ತಂದ ದಿನ ತೊಟ್ಟಿ ನೀರನ್ನ ಚೀಲಕ್ಕೆ ಸ್ವಲ್ಪ ಸ್ವಲ್ಪ ಸೇರಿಸ್ತಾ ಅರ್ಧ ಗಂಟೆ ಒಗ್ಗಿಸಿ, ಸಂಜೆ ಕತ್ತಲಾದ ಮೇಲೆ ಬಿಡಿ.

ಮೊದಲ ವರ್ಷ ಒಂದು ರಾತ್ರಿ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಸುತ್ತಿ ನೋಡ್ತಾ ಕೂತಿದ್ದೆ. ಒಂದು ಹೆಣ್ಣು ಎರಡು ದಿನದಿಂದ ಊಟ ಬಿಟ್ಟಿತ್ತು, ಪೈಪಿನ ಬಾಯಲ್ಲಿ ಪಕ್ಕಕ್ಕೆ ಒರಗಿ ಮಲಗ್ತು. ಬೆನ್ನಿನ ಚಿಪ್ಪು ಮತ್ತೆ ಬಾಲ ಸೇರೋ ಕಡೆ ಒಂದು ಬಿರುಕು ಬಿಡ್ತು, ಒಳಗೆ ನೀಲಿ ಕಾಣ್ತು. ಮೈ ಒಂದೆರಡು ಸಲ ನಡುಗಿಸಿ ತಲೆ, ಕಣ್ಣು, ಮೀಸೆ, ಆ ದಪ್ಪ ಇಕ್ಕಳ, ಎಲ್ಲಾ ಆ ಸಂದಿಯಿಂದ ಹಿಂದಕ್ಕೆ ಎಳ್ಕೊಂಡು ಒಂದೇ ಸಲ ಬಾಲ ಬಡಿದು ಹೊರಗೆ ಬಂತು. ಕೆಲವೇ ನಿಮಿಷ. ಪಕ್ಕದಲ್ಲಿ ಬಿದ್ದಿದ್ದ ಖಾಲಿ ಚಿಪ್ಪಿಗೆ ಮೀಸೆ ಸಮೇತ ಎಲ್ಲಾ ಇತ್ತು, ಇನ್ನೊಂದು ಕ್ರೇಫಿಶ್ ಸತ್ತು ಬಿದ್ದಿದೆ ಅನ್ನಿಸ್ತಿತ್ತು. ಅಷ್ಟರಲ್ಲೇ ಒಂದು ಗಂಡು ಆಚೆ ಮೂಲೆಯಿಂದ ಈ ಕಡೆ ನಡ್ಕೊಂಡು ಬರ್ತಿತ್ತು, ಇವಳು ನಿಲ್ಲೋಕೂ ಶಕ್ತಿ ಇಲ್ದೆ ತೆವಳಿ ಪೈಪಿನೊಳಗೆ ಹೋದ್ಲು. ಆ ಪೈಪು ಅಲ್ಲಿರದಿದ್ರೆ ಅವತ್ತು ಉಳೀತಿರ್ಲಿಲ್ಲ. ಮಾರನೇ ದಿನವೇ ಇನ್ನೊಂದು 20 ಪೈಪು ಕತ್ತರಿಸಿದೆ.

ಖಾಲಿ ಚಿಪ್ಪು ಕಂಡ್ರೆ ತೆಗೀಬೇಡಿ. ಅದನ್ನ ಅದೇ ತಿನ್ನತ್ತೆ, ಸುಣ್ಣ ವಾಪಸ್ ಮೈಗೆ ಸೇರತ್ತೆ. ಹೊಸ ಚಿಪ್ಪಿಗೆ ಬೇಕಾದ ಸುಣ್ಣದಲ್ಲಿ ಸ್ವಲ್ಪ ಭಾಗನ ಅದು ಮುಂಚೆನೇ ಹೊಟ್ಟೆ ಗೋಡೆಲಿ ಎರಡು ಬಿಳಿ ಗುಂಡಿ ಥರ ಕೂಡಿಟ್ಟಿರತ್ತೆ, ಉಳಿದದ್ದು ನೀರಿನಿಂದ ಬರ್ಬೇಕು. ಚಿಪ್ಪು ಅರ್ಧ ಬಿಟ್ಟು ಸತ್ತಿದ್ದು ಕಾಣ್ತಿದ್ರೆ ಮೊದ್ಲು ಗಡಸುತನ ಟೆಸ್ಟ್ ಮಾಡಿ, ಆಮೇಲೆ ಆಕ್ಸಿಜನ್ ಕಡೆ ಗಮನ ಕೊಡಿ.

ನೀರು 24 ಡಿಗ್ರಿ ದಾಟಿದ ಮೇಲೆ ಹೆಣ್ಣು ಬಾಲದ ಕೆಳಗೆ ನೂರಾರು ಮೊಟ್ಟೆ ಹೊತ್ಕೊಂಡು ಓಡಾಡತ್ತೆ, ಒಂದೂವರೆ ತಿಂಗಳ ಸುಮಾರಿಗೆ ಮರಿ ಆಗತ್ತೆ, ನೀರು ತಣ್ಣಗಿದ್ರೆ ಇನ್ನೂ ತಡ. ಸಮುದ್ರದ ಸಿಗಡಿ ಥರ ಲಾರ್ವಾ ಹಂತ ಇಲ್ಲ, ಹುಟ್ಟೋದೇ ಪುಟಾಣಿ ಕ್ರೇಫಿಶ್ ಆಗಿ, ಅದಕ್ಕೇ ಮನೆಯಲ್ಲೇ ಮರಿ ಮಾಡೋದು ಸುಲಭ. ಮೊಟ್ಟೆ ಹೊತ್ತಿರೋದನ್ನ ಎತ್ತಿ ಬೇರೆ ಟಬ್ಬಿಗೆ ಹಾಕಿ.

ಊಟ

ಕ್ರೇಫಿಶ್‌ಗೆ ಸಂಜೆ ಒಂದೇ ಹೊತ್ತು, ಮುಳುಗೋ ಪೆಲೆಟ್, ಮೈ ತೂಕದ ಶೇಕಡಾ 2-3. ಕ್ಯಾರೆಟ್ ತುಂಡು, ಸಿಹಿಕುಂಬಳ, ಕೀಳೋವಾಗ ಉಳಿದ ಹರಿವೆ ದಂಟು ಎಲ್ಲಾ ತಿನ್ನತ್ತೆ. ಬೆಳಿಗ್ಗೆ ಉಳಿದಿದ್ರೆ ತೆಗೆದು ಮರುದಿನ ಕಮ್ಮಿ ಹಾಕಿ. ಮೀನಿಗೆ ಹಾಕೋ ಊಟನೇ ನಿಜವಾಗಿ ಗಿಡದ ಗೊಬ್ಬರ. ವಿಶ್ವಸಂಸ್ಥೆಯ ಎಫ್ಎಒ 2014ರಲ್ಲಿ ಸಣ್ಣ ಆಕ್ವಾಪೋನಿಕ್ಸ್ ಬಗ್ಗೆ ತಂದ ಕೈಪಿಡಿ ಸೊಪ್ಪಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ, ಕಾಯಿ ಬಿಡೋ ಗಿಡಕ್ಕೆ 50ರಿಂದ 80 ಗ್ರಾಂ ಮೀನಿನ ಊಟ ಅಂತ ಲೆಕ್ಕ ಕೊಡತ್ತೆ. ಮೀನು ಸಣ್ಣದಿದ್ದಾಗ ಒಂದೇ ತೊಟ್ಟಿ ನೆಡಿ, ಮೂರೂ ತುಂಬಿಸಿದ್ರೆ ಎಲ್ಲಾ ಹಳದಿ ಆಗತ್ತೆ.

ಸೂಪರ್ ಮಾರ್ಕೆಟ್ಟಿಂದ ತಂದ ಸಿಗಡಿ ಸಿಪ್ಪೆ, ತಲೆ, ತೊಳೆದ ನೀರು ಯಾವತ್ತೂ ಈ ತೊಟ್ಟಿಗೆ ಹಾಕ್ಬೇಡಿ. 2016ರ ಕೊನೆಲಿ ನಮ್ಮ ಪಕ್ಕದ ಲೋಗನ್ ನದಿ ದಂಡೆಯ ಸಿಗಡಿ ಫಾರ್ಮುಗಳಿಗೆ ವೈಟ್ ಸ್ಪಾಟ್ ಅನ್ನೋ ವೈರಸ್ ಬಂದು ಎಲ್ಲಾ ಕೆರೆಗಳನ್ನ ಖಾಲಿ ಮಾಡ್ಬೇಕಾಯ್ತು. ಅದು ಮನುಷ್ಯರಿಗೆ ಏನೂ ಮಾಡಲ್ಲ, ಆದ್ರೆ ಹಸಿ ಸಿಗಡಿಲಿ ಫ್ರೀಜ್ ಆಗಿದ್ರೂ ಬದುಕಿರತ್ತೆ, ಸಿಗಡಿ, ಏಡಿ, ಕ್ರೇಫಿಶ್ ಮೂರಕ್ಕೂ ಅಂಟತ್ತೆ. ನಮ್ಮ ಮನೆಗಳಲ್ಲಿ ಸಿಗಡಿ ಬಿಡಿಸಿದ್ದನ್ನ ಗಿಡದ ಬುಡಕ್ಕೆ ಹಾಕೋ ರೂಢಿ ಇದೆ, ಅದಕ್ಕೇ ಒತ್ತಿ ಹೇಳ್ತಿದ್ದೀನಿ.

ಏನು ನೆಡೋದು

ಅಕ್ಟೋಬರಿಂದ ಮಾರ್ಚ್‌ವರೆಗೆ ಬಸಳೆ, ಹರಿವೆ, ಬೆಂಡೆ, ಬದನೆ, ಹೀರೇಕಾಯಿ. ಬಸಳೆಗೆ ಈ ವ್ಯವಸ್ಥೆ ಹೇಳಿ ಮಾಡಿಸಿದ್ದು, ಅಮ್ಮ ಬಂದಾಗ ಒಂದು ಗೇಣು ಕಡ್ಡಿ ಚುಚ್ಚಿ ಹೋಗಿದ್ರು, ಈಗ ಬೇಲಿ ಪೂರ್ತಿ ಅದೇ. ಏಪ್ರಿಲಿಂದ ಮೆಂತ್ಯ, ಪಾಲಕ್, ಕೊತ್ತಂಬರಿ, ಲೆಟಿಸ್, ಟೊಮೇಟೊ. ಕೊತ್ತಂಬರಿ ಬೇಸಿಗೆಲಿ ಹಾಕಿದ್ರೆ ಮೂರೇ ವಾರಕ್ಕೆ ಹೂ ಬಿಡತ್ತೆ. ಒಂದೆಲಗ ವರ್ಷ ಪೂರ್ತಿ. ಪುದೀನ ಮಾತ್ರ ಜಲ್ಲಿ ತೊಟ್ಟಿಲಿ ಬೇಡ, ಬೇರು ಸೈಫನ್ ಒಳಗೆ ಹೋಗಿ ಕಟ್ಟತ್ತೆ, ಕುಂಡದಲ್ಲಿ ಬೆಳೀರಿ. ಕರಿಬೇವು, ಗೆಡ್ಡೆ ಗೆಣಸು ನೆಲಕ್ಕೇ ಸರಿ.

ಔಷಧಿ

ಮೂರನೇ ವರ್ಷ ಮನೆಗೆ ಜಿರಳೆ ಇರುವೆಗೆ ಸ್ಪ್ರೇ ಮಾಡೋಕೆ ಒಬ್ರನ್ನ ಕರೆಸಿದ್ದೆ. ಹಿತ್ತಲ ತೊಟ್ಟಿ ಹತ್ರ ಬೇಡ ಅಂತ ಹೇಳಿ ಆಫೀಸಿಗೆ ಹೋದೆ. ಅವರು ಗೋಡೆ ಬುಡಕ್ಕೆ ಸುತ್ತ ಹೊಡೆದಿದ್ರು, ಸಂಜೆ ಮಳೆ ಬಂತು, ಆ ನೀರು ಹರಿದು ತೊಟ್ಟಿ ಅಂಚಿಗೆ ಬಂದಿದೆ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಬೆನ್ನಡಿ ಆಗಿ ಕಾಲು ನಡುಗಿಸ್ತಾ ಬಿದ್ದಿದ್ವು. ಮಧ್ಯಾಹ್ನದೊಳಗೆ 31 ಹೋಯ್ತು, ಒಂದೂ ಉಳೀಲಿಲ್ಲ. ಮೇಲಿನ ಟ್ಯಾಂಕಿನ ಮೀನು ಉಳ್ಕೊಂಡ್ವು. ಹೊಡೆದಿದ್ದು ಬೈಫೆಂತ್ರಿನ್, ಪೈರೆಥ್ರಾಯ್ಡ್ ಜಾತಿ, ಕೀಟವನ್ನ ಕೊಲ್ಲೋದು ಕೀಟದ ದೂರದ ನೆಂಟ ಕ್ರೇಫಿಶ್‌ನ ಅಷ್ಟೇ ಸುಲಭವಾಗಿ ಕೊಲ್ಲತ್ತೆ. ಆ ದಿನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಹಾಗಾಗಿ ಪೈರೆಥ್ರಮ್ ಬೇಡ, ನೈಸರ್ಗಿಕ ಅಂತ ಬರೆದಿದ್ರೂ ಬೇಡ. ಬೇವಿನೆಣ್ಣೆ ಬೇಡ. ಮೈಲುತುತ್ತ, ಬೋರ್ಡೋ ಅಂತೂ ತಾಮ್ರ. ನಾಯಿ ಉಣ್ಣೆ ಔಷಧಿ ಹಚ್ಚಿದ ಕೈ ಆ ನೀರಿಗೆ ಅದ್ದಬೇಡಿ. ಎಲೆ ತಿನ್ನೋ ಹುಳಕ್ಕೆ ಬಿಟಿ ಅನ್ನೋ ಬ್ಯಾಕ್ಟೀರಿಯಾದ ಪುಡಿ, ಇಲ್ಲಿ ಡೈಪೆಲ್ ಅಂತ ಬರತ್ತೆ, ಅದು ಕ್ರೇಫಿಶ್‌ಗೆ ಏನೂ ಮಾಡಲ್ಲ. ಗಿಡಹೇನಿಗೆ ಪೈಪಲ್ಲಿ ಜೋರಾಗಿ ನೀರು ಹೊಡೆದು ಉದುರಿಸಿ. ಎರಡು ದಿನಕ್ಕೊಮ್ಮೆ ಎಲೆ ತಿರುಗಿಸಿ ನೋಡಿ ಕೈಲಿ ಹುಳ ತೆಗೆಯೋದೇ ನಮ್ಮ ಮುಖ್ಯ ಔಷಧಿ.

ಕರೆಂಟು, ಚಳಿ, ಮಳೆ

ನವೆಂಬರಿಂದ ಗುಡುಗು ಮಳೆಗೆ ಕರೆಂಟ್ ಹೋಗತ್ತೆ. ಬ್ಯಾಟರಿ ಬ್ಯಾಕಪ್ ಇರೋ ಏರ್ ಪಂಪು ಮೊದಲ ದಿನದಿಂದ್ಲೇ ಇರ್ಲಿ, ಕರೆಂಟ್ ಹೋದ ತಕ್ಷಣ ತಾನೇ ಶುರು ಆಗೋದು. ಒಂದು ಏರ್ ಸ್ಟೋನ್ ಮೀನಿಗೆ, ಒಂದು ಕ್ರೇಫಿಶ್‌ಗೆ. ಹಗಲಲ್ಲೂ ಕ್ರೇಫಿಶ್ ಎಲ್ಲಾ ನೀರಿನ ಮೇಲ್ಮಟ್ಟಕ್ಕೆ ಹತ್ತಿ ಕೂತಿದ್ರೆ ಆಕ್ಸಿಜನ್ ಇಲ್ಲ ಅಂತ ಅರ್ಥ, ಬೇರೆ ಎಲ್ಲಾ ಬಿಟ್ಟು ಮೊದ್ಲು ಗಾಳಿ ಕೊಡಿ. ಜೋರು ಮಳೆ ಆದ ಮೇಲೆ ಪಿಎಚ್ ಮತ್ತು ಗಡಸುತನ ಎರಡೂ ಬಿದ್ದಿರತ್ತೆ, ಟೆಸ್ಟ್ ಮಾಡಿ. ತುಂಬಿ ಹರಿಯೋ ಪೈಪಿಗೆ ಮೆಶ್ ಹಾಕಿ, ಒಂದು ಮರಿನೂ ಚರಂಡಿಗೆ, ಹಳ್ಳಕ್ಕೆ ಹೋಗ್ಬಾರ್ದು. ಜೂನ್ ಜುಲೈಲಿ ರಾತ್ರಿ ತೊಟ್ಟಿ ಮೇಲೆ ಫೋಮ್ ಹಲಗೆ ಮುಚ್ಚಿ, ನೀರು 15ರ ಹತ್ರ ಇದ್ದಾಗ ಊಟ ವಾರಕ್ಕೆರಡು ಸಲ ಸಾಕು.

ಊರಲ್ಲಿರೋರು ಇದನ್ನೋದಿ ಅಕ್ವೇರಿಯಂ ಅಂಗಡಿಯಿಂದ ಕ್ರೇಫಿಶ್ ತಂದು ಮಾಡೋಕೆ ಹೋಗ್ಬೇಡಿ. ತಪ್ಪಿಸ್ಕೊಂಡು ಕೆರೆ, ಗದ್ದೆ ಸೇರಿದ್ರೆ ಮತ್ತೆ ತೆಗೆಯೋಕೆ ಆಗಲ್ಲ. ಮಾರ್ಬಲ್ಡ್ ಕ್ರೇಫಿಶ್ ಅಂತ ಒಂದಿದೆ, ಗಂಡೇ ಇಲ್ದೆ ಒಂದೇ ಒಂದು ಹೆಣ್ಣು ನೂರಾರು ಮರಿ ಹಾಕತ್ತೆ, ಮಡಗಾಸ್ಕರದ ಗದ್ದೆ, ಕಾಲುವೆಗಳಲ್ಲೆಲ್ಲ ಹರಡಿದೆ. ನಿಮಗೆ ನಮ್ಮದೇ ಸಿಹಿನೀರಿನ ದೊಡ್ಡ ಸಿಗಡಿ ಇದೆ, ಸ್ಕ್ಯಾಂಪಿ ಅಂತಾರಲ್ಲ ಅದು, ಹ್ಯಾಚರಿಲಿ ಮರಿ ಸಿಗತ್ತೆ. ಚಿಪ್ಪು, ಸುಣ್ಣ, ಅಡಗುತಾಣ, ಔಷಧಿ ಬಗ್ಗೆ ಮೇಲೆ ಹೇಳಿದ್ದೆಲ್ಲ ಅದಕ್ಕೂ ಹಾಗೇ ಅನ್ವಯ.

ಹಿಡಿಯೋದು

ಆರರಿಂದ ಒಂಬತ್ತು ತಿಂಗಳಿಗೆ 50 ಗ್ರಾಂ ದಾಟತ್ತೆ. ಬಲೆ ಹಾಕಿ ಕಲಕೋದು ಬೇಡ, ಚಿಪ್ಪು ಮೆತ್ತಗಿರೋವಕ್ಕೆ ಪೆಟ್ಟಾಗತ್ತೆ. ರೆಡ್‌ಕ್ಲಾ ಹರಿವಿಗೆ ಎದುರಾಗಿ ನಡೆಯತ್ತೆ. ಮಲೆನಾಡಲ್ಲಿ ಮೊದಲ ಮಳೆಗೆ ಹತ್ತುಮೀನು ಗದ್ದೆ ಕಾಲುವೆ ಏರೋದು ನೋಡಿದವರಿಗೆ ಇದು ಹೊಸದಲ್ಲ, ಅಲ್ಲಿ ಕೂಣಿ ಅನ್ನೋ ಬೋನು ಇಡ್ತೀವಿ, ಇಲ್ಲಿ ಒಂದು ಟಬ್ಬು. ತೊಟ್ಟಿ ತಳದಿಂದ ಟಬ್ಬಿನ ಅಂಚಿಗೆ ಶೇಡ್ ಕ್ಲಾತ್ ಸುತ್ತಿದ ಒಂದು ಹಲಗೆ ಇಳಿಜಾರಾಗಿ ಇಡಿ, ಟಬ್ಬಿಗೆ ಹೊಸ ನೀರು ಬಿಡಿ, ತುಂಬಿದ ನೀರು ಆ ಹಲಗೆ ಮೇಲೆ ತೆಳ್ಳಗೆ ಹರಿದು ತೊಟ್ಟಿಗೆ ಇಳೀಲಿ. ಸಂಜೆ ಇಟ್ರೆ ಬೆಳಿಗ್ಗೆಗೆ ಹತ್ತಿ ಬಂದು ಟಬ್ಬಲ್ಲಿ ಬಿದ್ದಿರತ್ತೆ. ಚಿಪ್ಪು ಕಳಚೋ ಹೊತ್ತಲ್ಲಿರೋವು ಅಡಗೇ ಇರತ್ತೆ, ಹತ್ತಿ ಬರಲ್ಲ, ಈ ವಿಧಾನ ನಂಗೆ ಅಷ್ಟು ಇಷ್ಟ ಆಗೋಕೆ ಅದೇ ಕಾರಣ. ದೊಡ್ಡದು ತಗೊಂಡು ಸಣ್ಣದು, ಮೊಟ್ಟೆ ಇರೋದು ವಾಪಸ್ ಬಿಡಿ.

ಒಂದು ದಿನ ಶುದ್ಧ ನೀರಲ್ಲಿ ಊಟ ಹಾಕದೆ ಇಡಿ, ಕರುಳು ಖಾಲಿ ಆಗತ್ತೆ. ಆಮೇಲೆ ಐಸ್ ಬೆರೆಸಿದ ನೀರಲ್ಲಿ ಕನಿಷ್ಠ 20 ನಿಮಿಷ, ಪೂರ್ತಿ ಅರಿವು ತಪ್ಪಿ ಮುಟ್ಟಿದ್ರೂ ಅಲುಗಾಡದ ಹಾಗೆ ಆದ ಮೇಲೇ ಕತ್ತಿಗೆ. ಜೀವಂತ ಕುದಿಯೋ ನೀರಿಗೆ ಹಾಕ್ಬೇಡಿ. ಬಾಲದ ಮಾಂಸಕ್ಕೆ ನಮ್ಮನೆಲಿ ಕುಂದಾಪುರದ ಘೀ ರೋಸ್ಟ್ ಮಸಾಲೆ, ಇಕ್ಕಳ ತಲೆ ಎಲ್ಲಾ ಹುಣಸೆಹಣ್ಣಿನ ಗಸಿಗೆ. ತಲೆ ಸೀಳಿ ತೊಳೆಯುವಾಗ ಒಳಗೆ ಹೊಟ್ಟೆ ಹತ್ರ ಬೆರಳಾಡಿಸಿ ನೋಡಿ, ಆ ಎರಡು ಬಿಳಿ ಗುಂಡಿ ಸಿಕ್ಕಿದ್ರೆ ತೆಗೆದಿಡಿ, ಕಲ್ಲಿನಷ್ಟು ಗಟ್ಟಿ ಇರತ್ತೆ, ಗಸಿಲಿ ಹಲ್ಲಿಗೆ ಸಿಗತ್ತೆ.